ಊರಿನ ಸರಾಸರಿ ಸಾಲದು, ಕೇರಿ ಕೇರಿಯ ಲೆಕ್ಕ ಬೇಕು

ನಿಮ್ಮ ಊರಿನಲ್ಲಿ ಯಾರಿಗೆ ಏನಿಲ್ಲ ಅನ್ನೋದು ಊರಿನವರಿಗೆ ಗೊತ್ತೇ ಇರುತ್ತದೆ. ಯಾವ ಓಣಿಗೆ ನೀರು ಕೊನೆಗೆ ಬರುತ್ತದೆ, ಯಾವ ತಾಂಡಾದ ಮಕ್ಕಳು ದೀಪಾವಳಿ ಕಳೆದ ಮೇಲೆ ಶಾಲೆಯಲ್ಲಿ ಕಾಣಿಸುವುದಿಲ್ಲ, ಯಾವ ಅಜ್ಜಿಯ ಪಿಂಚಣಿ ನಿಂತುಹೋಗಿದೆ, ಎಲ್ಲ ಗೊತ್ತು. ಆದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಬಾಯಿಮಾತಲ್ಲಿ ಹೇಳಿದರೆ ಅದು ಗಲಾಟೆ ಅನ್ನಿಸಿಕೊಳ್ಳುತ್ತದೆ. ಅದನ್ನೇ ಒಂದು ಹಾಳೆಯಲ್ಲಿ, ಇಷ್ಟು ಮನೆಗಳಲ್ಲಿ ಇಷ್ಟಕ್ಕೆ ನಲ್ಲಿ ಇಲ್ಲ ಅಂತ ಬರೆದು, ಪಕ್ಕದ ಓಣಿಯ ಲೆಕ್ಕವನ್ನೂ ಜೊತೆಗಿಟ್ಟು ಕೊಟ್ಟರೆ ಪಂಚಾಯತಿಯವರು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಆ ಹಾಳೆಯನ್ನು ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಪಂಚಾಯತಿ ಸದಸ್ಯರು, ಸಂಜೀವಿನಿ ಒಕ್ಕೂಟದ (ಸ್ವಸಹಾಯ ಸಂಘಗಳ ಒಕ್ಕೂಟ) ಅಕ್ಕಂದಿರು, ಅರಿವು ಕೇಂದ್ರ (ಪಂಚಾಯತಿ ಗ್ರಂಥಾಲಯ) ನೋಡಿಕೊಳ್ಳುವವರು, ಡಿಗ್ರಿ ಓದುತ್ತಿರುವ ಊರಿನ ಹುಡುಗ ಹುಡುಗಿಯರು, ಯಾರು ಬೇಕಾದರೂ ಮಾಡಬಹುದು. ಒಂದು ನೋಟ್‌ಬುಕ್, ಒಂದು ಎಕ್ಸೆಲ್ ಶೀಟು, ಓಡಾಡಲು ನಾಲ್ಕು ಜನ ಇದ್ದರೆ ಸಾಕು.

ಯಾಕೆ ಕೇರಿ ಮಟ್ಟ?

ಹಿಂದುಳಿದಿರುವುದನ್ನು ಅಳೆಯುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. ಅದರಲ್ಲಿ 114 ಹಿಂದುಳಿದವು ಅಂತ ಲೆಕ್ಕ ಸಿಕ್ಕಿತು. 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಉತ್ತರ ಕರ್ನಾಟಕದವರು ದಶಕಗಳಿಂದ ಹೇಳುತ್ತಿದ್ದ ಮಾತಿಗೆ ಅಂಕಿ ಸಿಕ್ಕಿದ್ದು ಆಗ. ಅದರ ಮೇಲೆ ವಿಶೇಷ ಅನುದಾನದ ಲೆಕ್ಕಾಚಾರ ನಡೆಯಿತು. ಇವತ್ತಿಗೂ ವಿಧಾನಸಭೆಯಲ್ಲಿ ಆ ವರದಿಯ ಹೆಸರು ಬರುತ್ತದೆ. ಲೆಕ್ಕಕ್ಕೆ ಎಷ್ಟು ಶಕ್ತಿ ಇದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮ್ಮಲ್ಲಿಲ್ಲ.

ಆದರೆ ತಾಲ್ಲೂಕು ಮಟ್ಟದ ಲೆಕ್ಕಕ್ಕೆ ಒಂದು ಮಿತಿ ಇದೆ. ಮುಂದುವರಿದ ತಾಲ್ಲೂಕು ಅಂತ ಪಟ್ಟಿಯಲ್ಲಿದ್ದರೂ ಅದರೊಳಗಿನ ಒಂದು ಆದಿವಾಸಿ ಹಾಡಿಗೆ ರಸ್ತೆ ಇರುವುದಿಲ್ಲ. ಪಂಚಾಯತಿ ಮಟ್ಟಕ್ಕೆ ಇಳಿದರೂ ಇದೇ ಕಥೆ. ಒಂದು ಲೆಕ್ಕ ಮಾಡಿ ನೋಡೋಣ, ಇದು ಸುಮ್ನೆ ಊಹೆಯ ಊರು. ಒಟ್ಟು 420 ಮನೆ. 357 ಮನೆಗೆ ನಲ್ಲಿ ಇದೆ, ಅಂದರೆ ಶೇ 85. ಕಚೇರಿಯಲ್ಲಿ ಕೂತು ನೋಡಿದವರಿಗೆ ಪರವಾಗಿಲ್ಲ ಅನ್ನಿಸುತ್ತದೆ. ಈಗ ಊರನ್ನು ಎರಡು ಭಾಗ ಮಾಡಿ. ಮುಖ್ಯ ಊರಿನ 360 ಮನೆಯಲ್ಲಿ 345ಕ್ಕೆ ನಲ್ಲಿ ಇದೆ. ಎರಡು ಕಿಲೋಮೀಟರ್ ಆಚೆಯ ತಾಂಡಾದ 60 ಮನೆಯಲ್ಲಿ 12ಕ್ಕೆ ಮಾತ್ರ. ಒಂದು ಕಡೆ ಶೇ 96, ಇನ್ನೊಂದು ಕಡೆ ಶೇ 20. ಶೇ 85 ಅನ್ನೋ ಅಂಕಿ ಸುಳ್ಳಲ್ಲ, ಆದರೆ ಅದು ತಾಂಡಾವನ್ನು ನುಂಗಿಬಿಟ್ಟಿದೆ. ಈ ಇಡೀ ಕೆಲಸದ ಉದ್ದೇಶ ಇಷ್ಟೇ, ಸರಾಸರಿ ನುಂಗಿದ್ದನ್ನು ಹೊರಗೆ ತೆಗೆಯುವುದು.

ಮೊದಲು ಕೇರಿಗಳ ಪಟ್ಟಿ ಮಾಡಿ

ಇದು ಸುಲಭ ಅನ್ನಿಸುತ್ತದೆ, ಆದರೆ ಸುಲಭ ಅಲ್ಲ. ಜನಗಣತಿ ಎಣಿಸುವುದು ಕಂದಾಯ ಗ್ರಾಮಗಳನ್ನು. ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಕ್ಯಾಂಪ್, ಕಾಲೋನಿ ಇವೆಲ್ಲ ತುಂಬಾ ಕಡೆ ದೊಡ್ಡ ಗ್ರಾಮದ ಹೆಸರಿನೊಳಗೆ ಸೇರಿಹೋಗಿವೆ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರ ಇಂಥ ಎಷ್ಟೋ ಜಾಗಗಳನ್ನು ಪ್ರತ್ಯೇಕ ಕಂದಾಯ ಗ್ರಾಮ ಮಾಡಿದೆ, ಆದರೆ 2011ರ ಜನಗಣತಿಯಲ್ಲಿ ಅವುಗಳ ಹೆಸರು ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಪಟ್ಟಿಯನ್ನು ನೀವೇ ಮಾಡಬೇಕು.

ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಒಂದು ಗ್ರಾಮ ಪಂಚಾಯತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನ, ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ವಾರ್ಡು ಸಣ್ಣದೇ. ಆದರೂ ಒಂದೇ ವಾರ್ಡಿನಲ್ಲಿ ಎರಡು ಬೇರೆ ಬೇರೆ ಕೇರಿ ಇರಬಹುದು, ಒಂದೇ ತಾಂಡಾ ಎರಡು ವಾರ್ಡಿಗೆ ಹಂಚಿಹೋಗಿರಬಹುದು. ನಾನಂತೂ ಕೇರಿಯನ್ನೇ ಘಟಕ ಮಾಡಿಕೊಳ್ಳಿ ಅನ್ನುತ್ತೇನೆ, ಪ್ರತಿ ಕೇರಿಯ ಮುಂದೆ ಅದರ ವಾರ್ಡ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೇಕಾದಾಗ ವಾರ್ಡಿನ ಲೆಕ್ಕಕ್ಕೆ ಕೂಡಿಸಬಹುದು. ವಾರ್ಡಿನ ಲೆಕ್ಕವನ್ನು ಮಾತ್ರ ಹಿಡಿದರೆ ಅದನ್ನು ಆಮೇಲೆ ಒಡೆಯಲು ಬರುವುದಿಲ್ಲ.

ನಕ್ಷೆ ನೆಲದ ಮೇಲೆ ಬರೆಸಿ. ರಂಗೋಲಿ ಪುಡಿ, ಇಟ್ಟಿಗೆ ಚೂರು, ಬೇವಿನ ಎಲೆ ಸಾಕು. ರಸ್ತೆ, ಟ್ಯಾಂಕು, ಬೋರ್‌ವೆಲ್, ಅಂಗನವಾಡಿ, ಶಾಲೆ, ಸ್ಮಶಾನ ಗುರುತಿಸಿ, ಆಮೇಲೆ ಮನೆಗಳ ಸಾಲು. ಹಾಳೆಯ ಮುಂದೆ ಬಾಯಿ ಬಿಡದ ಹೆಂಗಸರು ನೆಲದ ನಕ್ಷೆಯ ಮುಂದೆ ತಾವೇ ಬಗ್ಗಿ ತಿದ್ದುತ್ತಾರೆ. ಎಲ್ಲಿ ಬರೆಸುತ್ತೀರಿ ಅನ್ನುವುದು ಮಾತ್ರ ಬಹಳ ಮುಖ್ಯ. ಗುಡಿ ಮುಂದೆಯೋ ಗೌಡರ ಮನೆ ಕಟ್ಟೆ ಹತ್ತಿರವೋ ಇಟ್ಟುಕೊಂಡರೆ ಅರ್ಧ ಊರು ಬರುವುದೇ ಇಲ್ಲ. ಶಾಲೆ ಅಂಗಳ ಆಗಬಹುದು. ಇನ್ನೂ ಒಳ್ಳೆಯದು ಅಂದರೆ ಆಯಾ ಕೇರಿಗೆ ನೀವೇ ಹೋಗುವುದು.

ನಕ್ಷೆ ಮುಗಿದ ಮೇಲೆ ಫೋಟೋ ತೆಗೆದು ಹಾಳೆಗೆ ಇಳಿಸಿಕೊಳ್ಳಿ. ಗಡಿಯ ಬಗ್ಗೆ ಅನುಮಾನ ಬಂದರೆ ರಾಜ್ಯ ಸರ್ಕಾರದ ನಕ್ಷೆಗಳಿರುವ ಕೆ-ಜಿಐಎಸ್ ಜಾಲತಾಣದಲ್ಲಿ, ದಿಶಾಂಕ್ ಆ್ಯಪಿನಲ್ಲಿ ಗ್ರಾಮ ಮತ್ತು ಸರ್ವೆ ನಂಬರಿನ ಗಡಿ ಸಿಗುತ್ತದೆ.

ಸರ್ಕಾರದ ಹತ್ತಿರ ಆಗಲೇ ಏನಿದೆ

ಹೊಸದಾಗಿ ಸಮೀಕ್ಷೆ ಮಾಡುವ ಮುಂಚೆ ಇರುವುದನ್ನು ಒಟ್ಟು ಮಾಡಿ. ತುಂಬಾ ಇದೆ. ಯಾರೂ ಒಂದೇ ಕಡೆ ಇಟ್ಟು ನೋಡಿಲ್ಲ ಅಷ್ಟೇ.

2011ರ ಜನಗಣತಿಯಿಂದ ಶುರು ಮಾಡಿ. ಪ್ರತಿ ಗ್ರಾಮದ ಜನಸಂಖ್ಯೆ, ಸಾಕ್ಷರತೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಸಂಖ್ಯೆ, ಕೃಷಿ ಕೂಲಿಗಳ ಸಂಖ್ಯೆ ಅದರಲ್ಲಿ ಸಿಗುತ್ತದೆ. ಮನೆಪಟ್ಟಿ ಕೋಷ್ಟಕಗಳಲ್ಲಿ ಗೋಡೆ, ಛಾವಣಿ, ನೀರಿನ ಮೂಲ, ಶೌಚಾಲಯ, ಅಡುಗೆ ಉರುವಲು ಎಲ್ಲ ಇದೆ. ಹಳೆಯದು, ನಿಜ. 2021ರ ಜನಗಣತಿ ನಡೆಯಲೇ ಇಲ್ಲ, ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅನ್ನು ಗೊತ್ತು ಮಾಡಿದ್ದಾರೆ. ಆದ್ದರಿಂದ 2011ರ ಅಂಕಿಯನ್ನು ಇವತ್ತಿನ ಸ್ಥಿತಿ ಅಂತ ಬಳಸಬೇಡಿ, ಎಲ್ಲಿಂದ ಹೊರಟೆವು ಅನ್ನುವ ಗುರುತಾಗಿ ಇಟ್ಟುಕೊಳ್ಳಿ.

ಮಿಷನ್ ಅಂತ್ಯೋದಯ ಅಂತ ಒಂದು ಸಮೀಕ್ಷೆ ಇದೆ, ಗ್ರಾಮಕ್ಕೆ ಯಾವ ಸೌಲಭ್ಯ ಇದೆ, ಇಲ್ಲದಿದ್ದರೆ ಎಷ್ಟು ದೂರ ಅಂತ ಕೇಳುತ್ತದೆ. ನಿಮ್ಮ ಪಂಚಾಯತಿಯ ಉತ್ತರಗಳನ್ನು ಇಳಿಸಿಕೊಂಡು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಎಷ್ಟೋ ಕಡೆ ಇವನ್ನು ಕಚೇರಿಯಲ್ಲೇ ಕೂತು ತುಂಬಿರುತ್ತಾರೆ, ಜನ ಕೇಳಿದ ಕೂಡಲೇ ತಪ್ಪು ಗೊತ್ತಾಗುತ್ತದೆ. 2025ರಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ಬಿಡುಗಡೆ ಮಾಡಿದ ಪಂಚಾಯತಿ ಪ್ರಗತಿ ಸೂಚ್ಯಂಕ ಬಡತನ, ಆರೋಗ್ಯ, ನೀರು, ಮಕ್ಕಳು ಹೀಗೆ ಒಂಬತ್ತು ವಿಷಯಗಳಲ್ಲಿ ಪ್ರತಿ ಪಂಚಾಯತಿಗೆ ಅಂಕ ಕೊಡುತ್ತದೆ. ಅದನ್ನೂ ನೋಡಿ, ಆದರೆ ಅದು ಇಡೀ ಪಂಚಾಯತಿಗೆ ಒಂದು ಅಂಕ ಅನ್ನೋದು ನೆನಪಿರಲಿ.

ನಿಜವಾಗಿ ಕೇರಿ ಮಟ್ಟಕ್ಕೆ ಇಳಿಯುವ ದಾಖಲೆ ಇರುವುದು ಅಂಗನವಾಡಿ ಟೀಚರ್ ಮತ್ತು ಆಶಾ ಅಕ್ಕನ ಹತ್ತಿರ. ಮಕ್ಕಳ ತೂಕ ಎತ್ತರದ ವಹಿ, ತಾಯಿ ಕಾರ್ಡಿನ ವಿವರ, ಮನೆ ಮನೆಯ ಪಟ್ಟಿ ಎಲ್ಲ ಅವರು ಬರೆಯುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲ ಅಂತ ಹೇಳಿತು. ಆದರೆ ಆ ಸಮೀಕ್ಷೆ ಕೆಲವು ಮನೆಗಳನ್ನು ಆರಿಸಿಕೊಂಡು ಮಾಡಿದ್ದು, ಜಿಲ್ಲೆಯವರೆಗೆ ಮಾತ್ರ ಇಳಿಯುತ್ತದೆ. ನಿಮ್ಮ ಊರಿನ ಮಕ್ಕಳ ಉತ್ತರ ಅದರಲ್ಲಿ ಇಲ್ಲ. ಅಂಗನವಾಡಿಯ ವಹಿಯಲ್ಲಿದೆ. ಈ ಅಕ್ಕಂದಿರ ಹತ್ತಿರ ಅಧಿಕಾರಿಯ ಹಾಗೆ ಹೋಗಬೇಡಿ. ಅವರಿಗೆ ಆಗಲೇ ಬರೆಯುವ ಕೆಲಸ ಮೈ ತುಂಬಾ ಇದೆ, ನೀವು ಹೊಸ ಫಾರಂ ತಂದರೆ ಸಿಟ್ಟು ಬರುವುದು ನ್ಯಾಯವೇ. ಅವರ ಜೊತೆ ಕೂತು ನೀವೇ ಬರೆದುಕೊಳ್ಳಿ. ಹೆಸರು ಬೇಡ, ಕೇರಿವಾರು ಸಂಖ್ಯೆ ಸಾಕು.

ಶಾಲೆಯದ್ದು ಯುಡೈಸ್‌ನಲ್ಲಿ, ಅಂದರೆ ಶಾಲೆಗಳ ಮಾಹಿತಿ ಇಡುವ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತದೆ. ಶಿಕ್ಷಕರ ಸಂಖ್ಯೆ, ಕೊಠಡಿ, ಹೆಣ್ಣುಮಕ್ಕಳ ಶೌಚಾಲಯ, ತರಗತಿವಾರು ಮಕ್ಕಳು. ನಲ್ಲಿ ಸಂಪರ್ಕದ ಲೆಕ್ಕ ಜಲ ಜೀವನ್ ಮಿಷನ್ ಜಾಲತಾಣದಲ್ಲಿ ಗ್ರಾಮವಾರು ಇದೆ. ರೇಷನ್ ಕಾರ್ಡಿನದು ಆಹಾರ ಇಲಾಖೆಯಲ್ಲಿ, ಪಿಂಚಣಿಯದು ನಾಡಕಚೇರಿಯಲ್ಲಿ, ಅಂಗವಿಕಲರ ಮಾಹಿತಿ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹತ್ತಿರ. ಕೇಳಿದರೂ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಮೊದಲು ಬಾಯಲ್ಲಿ ಕೇಳಿ, ಬಹಳ ಕಡೆ ಅಷ್ಟಕ್ಕೇ ಸಿಗುತ್ತದೆ.

ಇವನ್ನೆಲ್ಲ ಜೋಡಿಸುವಾಗ ಹೆಸರು ನಂಬಬೇಡಿ. ಹೊಸಹಳ್ಳಿ, ಬಸಾಪುರ, ರಾಮಪುರ ಅನ್ನೋ ಊರು ಒಂದೇ ಜಿಲ್ಲೆಯಲ್ಲಿ ಎಷ್ಟೋ ಇರುತ್ತವೆ, ಒಂದೇ ಊರನ್ನು ಇಂಗ್ಲಿಷಿನಲ್ಲಿ ಮೂರು ಇಲಾಖೆಯವರು ಮೂರು ಥರ ಬರೆದಿರುತ್ತಾರೆ. ಜನಗಣತಿಯ ಗ್ರಾಮ ಸಂಕೇತ, ಪಂಚಾಯತಿಯ ಎಲ್‌ಜಿಡಿ ಸಂಕೇತ (ಕೇಂದ್ರ ಸರ್ಕಾರ ಪ್ರತಿ ಪಂಚಾಯತಿಗೆ ಕೊಟ್ಟ ಸಂಖ್ಯೆ), ಶಾಲೆಯ ಯುಡೈಸ್ ಸಂಕೇತ ಇವನ್ನೇ ಹಿಡಿಯಿರಿ. ನಮ್ಮ ರಾಜ್ಯದ ಯುಡೈಸ್ ಸಂಕೇತ 29ರಿಂದ ಶುರುವಾಗುವ 11 ಅಂಕಿ. ಎಕ್ಸೆಲ್‌ನಲ್ಲಿ ನೇರ ಹಾಕಿದರೆ ಕೆಲವು ಸಲ ಅದನ್ನು ಮೊಟಕು ಮಾಡಿ ತೋರಿಸುತ್ತದೆ, ಸಂಕೇತದ ಮುಂದಿನ ಸೊನ್ನೆಗಳನ್ನೂ ತಿಂದುಹಾಕುತ್ತದೆ. ಹಾಗಾಗಿ ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಅಂತ ಬದಲಾಯಿಸಿಕೊಳ್ಳಿ.

ಪಟ್ಟಿಯಲ್ಲಿ ಇಲ್ಲದವರು

ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಇಲಾಖೆಯ ಪಟ್ಟಿ ಯಾವುದೇ ಇರಲಿ, ಅದು ಸಿಕ್ಕವರ ಪಟ್ಟಿ. ರೇಷನ್ ಕಾರ್ಡ್ ಇರುವವರು, ಪಿಂಚಣಿ ಬರುವವರು, ಶಾಲೆಗೆ ಸೇರಿದವರು. ಸಿಗದವರ ಪಟ್ಟಿ ಯಾವ ಕಚೇರಿಯಲ್ಲೂ ಇಲ್ಲ. ಫಲಾನುಭವಿಗಳ ಪಟ್ಟಿ ಹಿಡಿದು ಮನೆ ಮನೆಗೆ ಹೋದರೆ, ಪಟ್ಟಿಯಲ್ಲಿ ಇಲ್ಲದ ಮನೆಯ ಬಾಗಿಲು ನೀವೂ ತಟ್ಟುವುದಿಲ್ಲ.

ಆದ್ದರಿಂದ ಲೆಕ್ಕ ಮನೆಯಿಂದ ಶುರುವಾಗಬೇಕು. ನಕ್ಷೆಯಲ್ಲಿ ಗುರುತಿಸಿದ ಪ್ರತಿ ಸೂರಿಗೆ ಒಂದು ಸಂಖ್ಯೆ. ಹೊಲದ ಗುಡಿಸಲು, ಸರ್ಕಾರಿ ಜಾಗದ ಶೆಡ್ಡು, ಊರಾಚೆ ಡೇರೆ ಹಾಕಿರುವ ಅಲೆಮಾರಿಗಳು, ಇಟ್ಟಿಗೆ ಭಟ್ಟಿಯಲ್ಲಿ ಇರುವವರು, ಎಲ್ಲರಿಗೂ. 2025ರ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆ ಗುರುತಿಸಲು ಕರೆಂಟ್ ಮೀಟರ್ ಬಳಸಿದರು, ಒಳ್ಳೆ ಉಪಾಯವೇ, ಆದರೆ ಮೀಟರೇ ಇಲ್ಲದ ಮನೆಯನ್ನು ಬೇರೆ ದಾರಿಯಲ್ಲಿ ಹುಡುಕಲೇಬೇಕಾಗುತ್ತದೆ. ನೀವು ಹುಡುಕುತ್ತಿರುವುದು ಮೊದಲಿಗೆ ಅಂಥ ಮನೆಗಳನ್ನೇ. ಒಂದು ಕಾಗದ ಇಲ್ಲದಿದ್ದರೆ ಎಷ್ಟು ನಿಲ್ಲುತ್ತದೆ ನೋಡಿ. ರೇಷನ್ ಕಾರ್ಡ್ ಇಲ್ಲ ಅಂದರೆ ಅಕ್ಕಿ ಇಲ್ಲ, ಗೃಹಲಕ್ಷ್ಮಿ ಇಲ್ಲ, ಆಸ್ಪತ್ರೆಯಲ್ಲಿ ಬಿಪಿಎಲ್ ರಿಯಾಯಿತಿಯೂ ಇಲ್ಲ.

ಏನು ಕೇಳಬೇಕು, ಎಷ್ಟು ಕೇಳಬೇಕು

ಹತ್ತು ಹನ್ನೆರಡು ಪ್ರಶ್ನೆ ದಾಟಬೇಡಿ. ಜಾಸ್ತಿ ಕೇಳಿದಷ್ಟೂ ಉತ್ತರ ಕೆಡುತ್ತದೆ, ಮುಂದಿನ ವರ್ಷ ಯಾರೂ ಮತ್ತೆ ಮಾಡುವುದಿಲ್ಲ.

2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯಲ್ಲಿ ಹಳ್ಳಿಯ ಬಡತನಕ್ಕೆ ಏಳು ಗುರುತು ಇಟ್ಟಿದ್ದರು. ಕಚ್ಚಾ ಗೋಡೆ ಛಾವಣಿಯ ಒಂದೇ ಕೋಣೆ ಮನೆ, 16ರಿಂದ 59 ವರ್ಷದವರು ಯಾರೂ ಇಲ್ಲದ ಮನೆ, ಆ ವಯಸ್ಸಿನ ಗಂಡಸಿಲ್ಲದೆ ಹೆಣ್ಣುಮಗಳೇ ನಡೆಸುವ ಮನೆ, ಅಂಗವಿಕಲರಿದ್ದು ಬೇರೆ ಗಟ್ಟಿಮುಟ್ಟಾದ ವಯಸ್ಕರಿಲ್ಲದ ಮನೆ, ಪರಿಶಿಷ್ಟ ಜಾತಿ ಪಂಗಡದ ಮನೆ, 25 ದಾಟಿದವರಲ್ಲಿ ಒಬ್ಬರಿಗೂ ಓದು ಬರದ ಮನೆ, ಭೂಮಿ ಇಲ್ಲದೆ ಕೂಲಿಯೇ ಮುಖ್ಯ ಆದಾಯವಾದ ಮನೆ. ಇವು ಇವತ್ತಿಗೂ ಸರಿಯಾಗಿವೆ. ಆದಾಯ ಎಷ್ಟು ಅಂತ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಹೇಳಬೇಕು ಅಂತಲೂ ಇಲ್ಲ. ಈ ಗುರುತುಗಳು ಕಣ್ಣಿಗೆ ಕಾಣುತ್ತವೆ, ಅಕ್ಕಪಕ್ಕದವರಿಗೂ ಗೊತ್ತಿರುತ್ತವೆ. ಇದರಲ್ಲಿ ನಾಲ್ಕೈದು ತೆಗೆದುಕೊಳ್ಳಿ, ಉಳಿದದ್ದು ಸೇವೆಗಳ ಬಗ್ಗೆ ಇರಲಿ.

ಸೇವೆಯ ಪ್ರಶ್ನೆ ಕೇಳುವ ರೀತಿಯಲ್ಲೇ ಎಲ್ಲ ಇದೆ. "ನಲ್ಲಿ ಇದೆಯಾ?" ಅಂತ ಕೇಳಿದರೆ ಹೌದು ಅನ್ನುತ್ತಾರೆ, ಪೈಪಿದೆ. "ಹೋದ ವಾರ ಎಷ್ಟು ದಿನ ನೀರು ಬಂತು, ದಿನಕ್ಕೆ ಎಷ್ಟು ಕೊಡ ಸಿಕ್ಕಿತು?" ಅಂತ ಕೇಳಿ. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕು. ಎಷ್ಟು ಕೊಡ ನೀರು ಅನ್ನೋ ಲೆಕ್ಕ ಸಿಕ್ಕರೆ, ಒಂದು ಕೊಡಕ್ಕೆ ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಅಲ್ಲೇ ಅಳೆದು ಹೋಲಿಸಬಹುದು. ನೀರುಗಂಟಿಯನ್ನೂ ಒಮ್ಮೆ ಕೇಳಿ, ಯಾವ ವಾಲ್ವ್ ಯಾವಾಗ ತಿರುಗಿಸುತ್ತೇನೆ ಅಂತ ಅವರ ಬಾಯಲ್ಲೇ ಅರ್ಧ ಉತ್ತರ ಇರುತ್ತದೆ. ಶೌಚಾಲಯ ಇದೆಯಾ ಅನ್ನುವ ಬದಲು ಇವತ್ತು ಅದರಲ್ಲಿ ಏನಿದೆ ಅಂತ ನೋಡಿ, ಸೌದೆ ತುಂಬಿದ್ದರೆ ಹಾಗೇ ಬರೆಯಿರಿ. "ಮಗು ಶಾಲೆಗೆ ಹೋಗುತ್ತಾ?" ಬೇಡ, "ನಿನ್ನೆ ಹೋಗಿತ್ತಾ?" ಅಂತ ಕೇಳಿ. ಆಸ್ಪತ್ರೆ ಎಷ್ಟು ದೂರ ಅನ್ನುವುದಕ್ಕಿಂತ ಕೊನೆಯ ಹೆರಿಗೆಗೆ ಹೇಗೆ ಹೋದಿರಿ, ಬಸ್ಸಿತ್ತಾ, ಎಷ್ಟು ಖರ್ಚಾಯಿತು ಅನ್ನುವುದು ಮೇಲು.

ಬೀಗ ಹಾಕಿದ ಮನೆಗಳಿಗೂ ಒಂದು ಕಾಲಂ ಇಡಿ. ಯಾದಗಿರಿ, ರಾಯಚೂರು, ಕಲಬುರಗಿ ಕಡೆ ಸುಗ್ಗಿ ಮುಗಿದ ಮೇಲೆ ಜನ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಅಂತ ಗುಳೆ ಹೋಗುತ್ತಾರೆ. ಫೆಬ್ರವರಿಯಲ್ಲಿ ಸಮೀಕ್ಷೆ ಮಾಡಿದರೆ ಅತ್ಯಂತ ಬಡವರೇ ಊರಲ್ಲಿ ಇರುವುದಿಲ್ಲ, ಊರು ಅನುಕೂಲವಾಗಿದೆ ಅನ್ನೋ ಲೆಕ್ಕ ಬರುತ್ತದೆ. ಮುಂಗಾರು ಬಿತ್ತನೆಗೆ ಎಲ್ಲರೂ ವಾಪಸ್ ಬಂದಿರುವ ಜೂನ್, ಜುಲೈ ಸರಿಯಾದ ಸಮಯ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಪಂಚಾಯತಿ ಅಭಿವೃದ್ಧಿ ಯೋಜನೆಯ ಅಭಿಯಾನ ಗಾಂಧಿ ಜಯಂತಿ ಹೊತ್ತಿಗೆ ಶುರುವಾಗುತ್ತದೆ, ಅಷ್ಟರಲ್ಲಿ ನಿಮ್ಮ ಹಾಳೆ ತಯಾರಿರಬೇಕು. ಡಿಸೆಂಬರಿನಲ್ಲಿ ತೆಗೆದುಕೊಂಡು ಹೋದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ.

ಲೆಕ್ಕ ಹಾಕುವುದು

ಒಂದು ಸಾಲಿಗೆ ಒಂದು ಕೇರಿ, ಒಂದು ಕಾಲಂಗೆ ಒಂದು ಪ್ರಶ್ನೆ. ಪ್ರತಿ ಖಾನೆಯಲ್ಲಿ ಇಲ್ಲದ ಮನೆಗಳ ಸಂಖ್ಯೆ ಮತ್ತು ಒಟ್ಟು ಮನೆಗಳ ಸಂಖ್ಯೆ ಎರಡನ್ನೂ ಬರೆಯಿರಿ. ಬರೀ ಶೇಕಡಾ ಬರೆಯಬೇಡಿ. 22 ಮನೆಯ ಕೇರಿಯಲ್ಲಿ ಒಂದು ಮನೆ ಬದಲಾದರೆ ಶೇ 4.5 ಏರುಪೇರಾಗುತ್ತದೆ, ಶೇಕಡಾ ನೋಡಿದವರಿಗೆ ದೊಡ್ಡ ಬದಲಾವಣೆ ಆದ ಹಾಗೆ ಕಾಣುತ್ತದೆ. "22ರಲ್ಲಿ 9" ಅಂತ ಬರೆದರೆ ಯಾರಿಗೂ ಗೊಂದಲ ಇಲ್ಲ, ಶಾಲೆ ಮೆಟ್ಟಿಲು ಹತ್ತದವರಿಗೂ ತಿಳಿಯುತ್ತದೆ.

ಆಮೇಲೆ ಪ್ರತಿ ಪ್ರಶ್ನೆಗೂ ಕೇರಿಗಳನ್ನು ಕೆಟ್ಟದ್ದರಿಂದ ಒಳ್ಳೆಯದಕ್ಕೆ ಸಾಲಾಗಿಸಿ ಸ್ಥಾನ ಕೊಡಿ. ಎಲ್ಲಾ ಪ್ರಶ್ನೆಗಳ ಸ್ಥಾನ ಕೂಡಿಸಿದರೆ ಒಟ್ಟು ಸಾಲು ಸಿಗುತ್ತದೆ. ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಅನ್ನುವ ಚರ್ಚೆ ಬಂದೇ ಬರುತ್ತದೆ. ಇಂಗ್ಲೆಂಡಿನಲ್ಲಿ ದೇಶವನ್ನು ಸುಮಾರು 1,500 ಜನರ ಸಣ್ಣ ಸಣ್ಣ ಪ್ರದೇಶಗಳಾಗಿ ಒಡೆದು ಸಾಲಾಗಿಸುತ್ತಾರೆ, ಅಲ್ಲಿ ಆದಾಯಕ್ಕೆ ಶೇ 22.5, ಉದ್ಯೋಗಕ್ಕೆ ಶೇ 22.5, ಶಿಕ್ಷಣ ಮತ್ತು ಆರೋಗ್ಯಕ್ಕೆ ತಲಾ ಶೇ 13.5 ಹೀಗೆ ತೂಕ ಇದೆ. ಆ ತೂಕವನ್ನು ಜನ ಕೂತು ಯೋಚಿಸಿ ಇಟ್ಟಿದ್ದು, ಆಕಾಶದಿಂದ ಬಿದ್ದದ್ದಲ್ಲ. ನಿಮ್ಮ ವಾರ್ಡ್ ಸಭೆಯಲ್ಲೂ ಕೇಳಬಹುದು. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ಎಲ್ಲಕ್ಕೂ ಸಮಾನ ತೂಕ ಇಡಿ. ಯಾಕೆಂದರೆ ತೂಕ ಬದಲಾಯಿಸಿದರೂ ತೀರಾ ಹಿಂದುಳಿದ ಎರಡು ಮೂರು ಕೇರಿ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಮಧ್ಯದವು ಮಾತ್ರ ಮೇಲೆ ಕೆಳಗೆ ಆಗುತ್ತವೆ, ಅದಕ್ಕಾಗಿ ಜಗಳ ಮಾಡುವುದು ವ್ಯರ್ಥ.

ಒಟ್ಟು ಸಾಲಿನಲ್ಲಿ ಒಳ್ಳೆಯ ಸ್ಥಿತಿಯಲ್ಲಿರುವ ಕೇರಿಯಲ್ಲೂ ಬಡವರಿರುತ್ತಾರೆ. ಅನುಕೂಲಸ್ಥರ ಬೀದಿಯ ಹಿಂದಿನ ಮನೆಯಲ್ಲಿ ಒಬ್ಬಂಟಿ ವಿಧವೆ ಇರಬಹುದು. ರಸ್ತೆ, ನೀರು, ಅಂಗನವಾಡಿ ಇಂಥ ಸೇವೆಗೆ ಕೇರಿಯ ಸಾಲು ನೋಡಿ, ಪಿಂಚಣಿ, ಮನೆ, ರೇಷನ್ ಕಾರ್ಡಿಗೆ ಮನೆಯ ಪಟ್ಟಿ ನೋಡಿ. ಇವೆರಡನ್ನು ಬೆರೆಸಿದರೆ ಕೇರಿಯ ಹೆಸರಲ್ಲಿ ಒಬ್ಬರಿಗೆ ಅನ್ಯಾಯ ಆಗುತ್ತದೆ.

ಅಂಕಿಯನ್ನು ಬೇಡಿಕೆ ಮಾಡುವುದು

ತುಂಬಾ ಸಮೀಕ್ಷೆಗಳು ಇಲ್ಲೇ ಸಾಯುತ್ತವೆ. ವರದಿ ಚೆನ್ನಾಗಿರುತ್ತದೆ, ಫೈಲಿನಲ್ಲಿ ಮಲಗುತ್ತದೆ. ಅಂಕಿಯ ಪಕ್ಕ ನಿಯಮ ಇಟ್ಟರೆ ಮಾತ್ರ ಅದು ಎದ್ದು ನಿಲ್ಲುತ್ತದೆ.

ಸೇವೆಗಳಿಗೆ ಮಾನದಂಡ ಇದ್ದೇ ಇದೆ. 400ರಿಂದ 800 ಜನಕ್ಕೆ ಒಂದು ಅಂಗನವಾಡಿ, 150ರಿಂದ 400 ಜನ ಇರುವ ಕಡೆ ಮಿನಿ ಅಂಗನವಾಡಿ. ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರ್ ಒಳಗೆ, ಹಿರಿಯ ಪ್ರಾಥಮಿಕ ಮೂರು ಕಿಲೋಮೀಟರ್ ಒಳಗೆ. ಬಯಲು ಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ. ಸುಮಾರು 1,000 ಜನಕ್ಕೆ ಒಬ್ಬ ಆಶಾ. ಈಗ ನಿಮ್ಮ ಹಾಳೆಯಲ್ಲಿ ಹೀಗೆ ಬರೆಯಿರಿ: "ನಮ್ಮ ತಾಂಡಾದಲ್ಲಿ 60 ಮನೆ, 290 ಜನ, ಆರು ವರ್ಷದೊಳಗಿನ ಮಕ್ಕಳು 34. ಹತ್ತಿರದ ಅಂಗನವಾಡಿ ಎರಡು ಕಿಲೋಮೀಟರ್, ನಡುವೆ ಹಳ್ಳ ಇದೆ. ಮಿನಿ ಅಂಗನವಾಡಿಯ ಮಾನದಂಡಕ್ಕೆ ನಾವು ಬರುತ್ತೇವೆ." ಇದು ನಮ್ಮ ಊಹೆಯ ಊರಿನ ಅರ್ಜಿ. ಹೀಗೆ ಬರೆದ ಅರ್ಜಿಗೆ ಇಲ್ಲ ಅನ್ನಬೇಕಾದರೆ ಅಧಿಕಾರಿ ಕಾರಣ ಬರೆಯಬೇಕು. ದೂರ ಅಳೆಯುವಾಗ ನಡೆಯುವ ದಾರಿ ಅಳೆಯಿರಿ, ಮೊಬೈಲ್ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಹಳ್ಳ, ರೈಲು ಹಳಿ, ದಾಟಲು ಬಿಡದ ಹೊಲ ಯಾವುದೂ ಕಾಣುವುದಿಲ್ಲ.

ಎಲ್ಲದಕ್ಕೂ ಹೊಸ ಕಟ್ಟಡ ಕೇಳುವ ಅಭ್ಯಾಸ ನಮ್ಮಲ್ಲಿದೆ. ಅದು ಬೇಡ. ಎಷ್ಟೋ ಕೊರತೆ ಸಮಯ ಬದಲಾಯಿಸಿದರೆ ಸರಿಹೋಗುತ್ತದೆ. ಕೊನೆಯ ಓಣಿಗೆ ಮೊದಲು ವಾಲ್ವ್ ತಿರುಗಿಸುವುದು, ರೇಷನ್ ಅಂಗಡಿಯವರು ತಿಂಗಳಿಗೆ ಒಂದು ದಿನ ತಾಂಡಾದಲ್ಲೇ ಕೊಡುವುದು, ಪಿಂಚಣಿ ಅರ್ಜಿಗೆ ಕೇರಿಯಲ್ಲೇ ಒಂದು ದಿನ ಶಿಬಿರ ಮಾಡುವುದು, ಗುಳೆ ಹೋಗುವ ಮನೆಗಳ ಮಕ್ಕಳಿಗೆ ಹೋಗುವ ಮುಂಚೆಯೇ ಋತುಮಾನದ ವಸತಿ ಶಾಲೆಯಲ್ಲಿ ಜಾಗ ಕೇಳುವುದು. ಇವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಹಾಳೆಯಲ್ಲಿ ಬೇಡಿಕೆಗಳನ್ನು ಮೂರು ಮಾಡಿ: ಪಂಚಾಯತಿಯೇ ಮಾಡಬಹುದಾದದ್ದು, ತಾಲ್ಲೂಕಿನ ಇಲಾಖೆ ಮಾಡಬೇಕಾದದ್ದು, ಅದರ ಮೇಲಿನವರು ಮಾಡಬೇಕಾದದ್ದು. ಮೊದಲನೆಯದನ್ನು ವಾರ್ಡ್ ಸಭೆಯಲ್ಲಿ ಇಟ್ಟು, ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ನಡಾವಳಿ ಪುಸ್ತಕದಲ್ಲಿ ಇಲ್ಲದ ಮಾತು ಆಡಿದ ಹಾಗೇ ಅಲ್ಲ. ಎರಡನೆಯದನ್ನು ಪಂಚಾಯತಿಯ ಕೆಡಿಪಿ ಸಭೆಗೆ (ಇಲಾಖೆಗಳ ಪ್ರಗತಿ ನೋಡುವ ಸಭೆ) ತನ್ನಿ, ಇಲಾಖೆಯವರು ಅಲ್ಲಿಗೆ ಬರುತ್ತಾರೆ. ಚುನಾಯಿತ ಸದಸ್ಯರಿರಲಿ, ಆಡಳಿತಾಧಿಕಾರಿ ಇರಲಿ, ಪ್ರತಿ ಕೊಟ್ಟು ಸ್ವೀಕೃತಿ ಸಹಿ ತೆಗೆದುಕೊಳ್ಳಿ.

ಯಾವ ಹಣದಿಂದ ಅಂತ ಕೇಳಿಯೇ ಕೇಳುತ್ತಾರೆ. ಅದನ್ನೂ ಓದಿಕೊಂಡು ಹೋಗಿ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಪಂಚಾಯತಿ ಅನುದಾನದ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ನಿಮ್ಮ ಪಂಚಾಯತಿ ಅದನ್ನು ಯಾವ ಕೇರಿಯಲ್ಲಿ ಖರ್ಚು ಮಾಡಿತು ಅಂತ ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಮತ್ತು ಜಮಾಬಂದಿಯಲ್ಲಿ (ಪಂಚಾಯತಿಯ ವಾರ್ಷಿಕ ಲೆಕ್ಕ ತಪಾಸಣೆ) ನೋಡಿ, ಆ ಖರ್ಚನ್ನು ನಿಮ್ಮ ಕೇರಿ ಪಟ್ಟಿಯ ಪಕ್ಕ ಇನ್ನೊಂದು ಕಾಲಂ ಮಾಡಿ ಬರೆಯಿರಿ. ಕೊರತೆ ಎಲ್ಲಿದೆ, ಹಣ ಎಲ್ಲಿಗೆ ಹೋಯಿತು, ಎರಡೂ ಒಂದೇ ಸಾಲಿನಲ್ಲಿ ಕಂಡಾಗ ಸಭೆಯ ಮಾತೇ ಬದಲಾಗುತ್ತದೆ.

ಯಾರ ಹೆಸರೂ ಬೀದಿಗೆ ಬರಬಾರದು

ಗೋಡೆಗೆ ಅಂಟಿಸುವ ಹಾಳೆಯಲ್ಲಿ ಹೆಸರು ಬೇಡ. ಕಾಯಿಲೆ, ಸಾಲ, ಮಗಳ ಮದುವೆ ವಯಸ್ಸು ಇವು ವಾಟ್ಸಾಪ್ ಗುಂಪಿಗೆ ಹೋದರೆ ಆ ಮನೆಯವರು ತಲೆ ಎತ್ತಿ ಓಡಾಡುವುದು ಕಷ್ಟ. ಆಧಾರ್ ಸಂಖ್ಯೆ ಬರೆದುಕೊಳ್ಳಲೇಬೇಡಿ, ಇದಕ್ಕೆ ಅದು ಬೇಕೇ ಇಲ್ಲ. ಕ್ಷಯ, ಎಚ್‌ಐವಿ ಪ್ರಶ್ನೆ ಕೇಳಬೇಡಿ. ಹತ್ತಕ್ಕಿಂತ ಕಡಿಮೆ ಮನೆ ಇರುವ ಕೇರಿಯ ಲೆಕ್ಕವನ್ನು ಬಹಿರಂಗ ಹಾಳೆಯಲ್ಲಿ ಪಕ್ಕದ ಕೇರಿಯ ಜೊತೆ ಸೇರಿಸಿ, ಇಲ್ಲದಿದ್ದರೆ ಯಾರ ಮನೆ ಅಂತ ಎಲ್ಲರಿಗೂ ತಿಳಿಯುತ್ತದೆ. ಮನೆವಾರು ನೋಟ್‌ಬುಕ್ ಒಬ್ಬರ ಹತ್ತಿರ ಬೀಗದಲ್ಲಿರಲಿ. ಮತ್ತೆ, ಸಂಖ್ಯೆಗಳನ್ನು ಹೊರಗೆ ಎಲ್ಲೂ ಕೊಡುವ ಮುಂಚೆ ಮೊದಲು ಆ ಕೇರಿಯವರಿಗೇ ಓದಿ ಹೇಳಿ. ತಪ್ಪಿದ್ದರೆ ಅವರು ತಿದ್ದಲಿ. ಅವರ ಬದುಕಿನ ಲೆಕ್ಕ ಅದು, ಕೊನೆಗೆ ತಿಳಿಯುವವರು ಅವರಾಗಬಾರದು.

ಮುಂದಿನ ವರ್ಷ, ಅದರ ಮುಂದಿನ ವರ್ಷ

ಒಂದು ಸಲ ಮಾಡಿದರೆ ಫೋಟೋ ಸಿಕ್ಕಂತೆ. ಪ್ರತಿ ಜೂನ್‌ನಲ್ಲಿ ಅದೇ ಪ್ರಶ್ನೆ, ಅದೇ ಮಾತಿನಲ್ಲಿ ಕೇಳಿದರೆ ಮಾತ್ರ ಏನು ಬದಲಾಯಿತು ಗೊತ್ತಾಗುತ್ತದೆ. "ಹೋದ ವಾರ ಎಷ್ಟು ದಿನ ನೀರು" ಅಂತ ಕೇಳಿದ್ದನ್ನು ಮರುವರ್ಷ "ನೀರು ಸಾಕಾಗುತ್ತಾ" ಅಂತ ಬದಲಾಯಿಸಿದರೆ ಹೋಲಿಕೆ ಮುಗಿಯಿತು. ಪ್ರಶ್ನೆಯ ಮಾತನ್ನೂ, ಯಾವುದನ್ನು ಹೇಗೆ ಎಣಿಸಿದಿರಿ ಅನ್ನುವುದನ್ನೂ ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಡಿ.

ಒಂದು ಕೇರಿ ಸುಧಾರಿಸಿದ್ದು ಕಂಡರೆ ಮನೆಗಳನ್ನೂ ಎಣಿಸಿ. 60 ಇದ್ದದ್ದು 48 ಆಗಿದ್ದರೆ, ಬಡವರು ಊರು ಬಿಟ್ಟು ಹೋಗಿದ್ದರಿಂದ ಶೇಕಡಾ ಚೆನ್ನಾಗಿ ಕಂಡಿರಬಹುದು. ಗಡಿಗಳೂ ಬದಲಾಗುತ್ತವೆ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ, ಆಗ ಮೂರು ತಾಲ್ಲೂಕು, ಈಗ ಹುಣಸಗಿ, ವಡಗೇರಾ, ಗುರುಮಠಕಲ್ ಸೇರಿ ಆರು. ನಂಜುಂಡಪ್ಪ ವರದಿಯ ತಾಲ್ಲೂಕನ್ನು ಈಗಿನ ಅದೇ ಹೆಸರಿನ ತಾಲ್ಲೂಕಿನ ಜೊತೆ ನೇರ ಹೋಲಿಸಿದರೆ ತಪ್ಪಾಗುತ್ತದೆ. ಕೇರಿಯ ಲೆಕ್ಕಕ್ಕೆ ಈ ತೊಂದರೆ ಕಡಿಮೆ. ಮೇಲಿನ ಗೆರೆ ಎಲ್ಲಿ ಎಳೆದರೂ ಕೇರಿ ಅಲ್ಲೇ ಇರುತ್ತದೆ.

ಪಟ್ಟಣದಲ್ಲಿ ಇರುವವರು

ನಗರದಲ್ಲೂ ದಾರಿ ಇದೇ, ಕೇರಿಯ ಬದಲು ಬೀದಿಗಳ ಗುಂಪು. ಬೆಂಗಳೂರಿನಲ್ಲಿ 2011ರ ಜನಗಣತಿ 198 ವಾರ್ಡುಗಳ ಲೆಕ್ಕದಲ್ಲಿದೆ, ಆಮೇಲೆ ಗಡಿ ಮತ್ತೆ ಮತ್ತೆ ಬದಲಾಗಿ 2025ರಲ್ಲಿ ಪಾಲಿಕೆಯೇ ಐದಾಯಿತು. ಹಳೆ ವಾರ್ಡಿನ ಅಂಕಿಯನ್ನು ಹೊಸ ವಾರ್ಡಿಗೆ ಹಾಗೇ ಅಂಟಿಸಬೇಡಿ, ನಕ್ಷೆಯ ಮೇಲೆ ನಕ್ಷೆ ಇಟ್ಟು ನೋಡಿ. ಉಚಿತವಾಗಿ ಸಿಗುವ ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಇದನ್ನು ಮಾಡಬಹುದು. ಕೊಳಗೇರಿ ಅಭಿವೃದ್ಧಿ ಮಂಡಳಿಯ ಪಟ್ಟಿಯಲ್ಲಿರುವುದು ಘೋಷಿತ ಕೊಳಗೇರಿಗಳು, ಘೋಷಣೆಯೇ ಆಗದ ಶೆಡ್ಡುಗಳ ಸಾಲನ್ನು ನೀವೇ ಹುಡುಕಿ ಸೇರಿಸಬೇಕು. ಯಾದಗಿರಿ, ರಾಯಚೂರಿನ ತಾಂಡಾದಲ್ಲಿ ಬೀಗ ಹಾಕಿದ ಮನೆಯವರು ಚಳಿಗಾಲ, ಬೇಸಿಗೆಯಲ್ಲಿ ಇರುವುದು ಇಲ್ಲಿನ ಕಟ್ಟಡ ಕೆಲಸದ ಶೆಡ್ಡುಗಳಲ್ಲೇ. ಅವರ ಮಕ್ಕಳನ್ನು ಹತ್ತಿರದ ಅಂಗನವಾಡಿಗೆ ಸೇರಿಸಿಕೊಳ್ಳುತ್ತಾರಾ, ಊರಿನ ರೇಷನ್ ಕಾರ್ಡಿಗೆ ಇಲ್ಲಿನ ಅಂಗಡಿಯಲ್ಲಿ ಅಕ್ಕಿ ಕೊಡುತ್ತಾರಾ ಅಂತ ನಗರದ ಸಮೀಕ್ಷೆಯಲ್ಲಿ ಕೇಳಲೇಬೇಕು. ಸಾಧ್ಯವಾದರೆ ಅವರ ಊರಿನ ಪಂಚಾಯತಿಯ ಹೆಸರನ್ನೂ ಬರೆದುಕೊಂಡು, ಇಷ್ಟು ಮಕ್ಕಳು ಇಲ್ಲಿದ್ದಾರೆ ಅಂತ ಆ ಊರಿನ ಶಾಲೆಗೆ ತಿಳಿಸಿ.